ಅಗ್ಗದ ಬೋರ್ಡಿಗೆ ಮರ್ಯಾದೆ

ಅಣ್ಣ ಬೈಯುವುದನ್ನು ನಿಲ್ಲಿಸಿಬಿಟ್ಟಿದ್ದ. ಬೇರೆ ಮನೆಯಲ್ಲಾಗಿದ್ದರೆ ಇದು ಸಿಹಿ ಹಂಚುವಂಥ ಸುದ್ದಿ. ಈ ಮನೆಯಲ್ಲಿ ಮಾತ್ರ ಅದನ್ನು ಹೇಳುವಾಗ ಅತ್ತಿಗೆಯ ದನಿ ನಡುಗುತ್ತಿತ್ತು.

"ಬೆಳಗ್ಗೆ ಚಹಾಕ್ಕೆ ಸಕ್ಕರೆ ಹಾಕೋದೇ ಮರೆತುಬಿಟ್ಟೆ ಕಣೇ," ಎಂದಳು ಫೋನಿನಲ್ಲಿ. "ಕುಡಿದ್ರು. ಪೂರ್ತಿ ಕುಡಿದ್ರು. ಆಮೇಲೆ ನಂಗೇ ನೆನಪಾಗಿ, ಅಯ್ಯೋ ಸಕ್ಕರೆ ಹಾಕಿಲ್ವಲ್ಲಾ ಅಂದ್ರೆ, ಪರವಾಗಿಲ್ಲ ಅಂತಾರೆ! ಮೊದಲಾಗಿದ್ರೆ ಬೀದಿಗೆಲ್ಲಾ ಕೇಳೋ ಹಾಗೆ ಕೂಗಾಡ್ತಿದ್ರು. ನಂಗ್ಯಾಕೋ ಭಯ ಆಗುತ್ತೆ."

ಫೋನಿನ ಈ ತುದಿಯಲ್ಲಿ ತಂಗಿ ತನ್ನ ಜೆರಾಕ್ಸ್ ಅಂಗಡಿಯಲ್ಲಿ ಕೂತು ಯಾರದೋ ಕಾಗದಗಳನ್ನು ಸರಿಯಾಗಿ ಜೋಡಿಸುತ್ತಿದ್ದಳು. ಕೈ ನಿಂತಿತು. ಪಾರ್ಶ್ವವಾಯು ಹೊಡೆದು ಅಣ್ಣನ ಬಲಗೈ ಬಿದ್ದುಹೋದಾಗ ಅವಳು ಅತ್ತಿರಲಿಲ್ಲ. ಆಸ್ಪತ್ರೆಯ ಓಡಾಟದಲ್ಲಿ ಅಳುವುದಕ್ಕೆ ಪುರುಸೊತ್ತೇ ಇರಲಿಲ್ಲ. ಆಮೇಲೆ ಕಾಲು ಸುಧಾರಿಸಿತು, ಮಾತು ಮರಳಿತು, ಕೋಲು ಹಿಡಿದು ನಡೆಯುವಷ್ಟು ಶಕ್ತಿಯೂ ಬಂತು. ಆದರೆ ಮರಳಿ ಬಂದ ಮಾತು ಅಣ್ಣನದಾಗಿರಲಿಲ್ಲ. ಯಾರೋ ಸಾಧು ಮನುಷ್ಯನದು ತಪ್ಪಿ ಇವನ ಬಾಯಿಗೆ ಬಂದ ಹಾಗಿತ್ತು. ಊಟ ತಡವಾದರೆ ಪರವಾಗಿಲ್ಲ. ತುತ್ತು ಮಾಡಿ ತಿನ್ನಿಸಿದರೆ ಪರವಾಗಿಲ್ಲ. ಗೋಡೆಗೆ ಮುಖ ಮಾಡಿ ಮಲಗಿದವನನ್ನು, ಬಾ ಬೀದಿ ತುದಿವರೆಗಾದರೂ ಹೋಗಿ ಬರೋಣ ಎಂದು ಕರೆದರೆ, ಬೇಡ, ಇಲ್ಲೇ ಪರವಾಗಿಲ್ಲ. ಆಸ್ಪತ್ರೆಯಿಂದ ಬಂದ ಮೇಲೆ ಅವನು ಹೊಸ್ತಿಲು ದಾಟಿರಲಿಲ್ಲ.

ಅಣ್ಣನ ಬೈಗುಳವೆಂದರೆ ಆ ಬೀದಿಗೆಲ್ಲ ಹೆಸರುವಾಸಿ. ಈ ಊರಿಗೆ ಕಂಪ್ಯೂಟರ್ ಹೊಸದಾಗಿದ್ದ ಕಾಲದಲ್ಲಿ ಅವನು ಮನೆಯ ಮುಂದಿನ ಕೋಣೆಯಲ್ಲಿ ಒಂದು ಉದ್ದನೆಯ ಮೇಜು ಹಾಕಿಕೊಂಡು, ಬಿಡಿ ಭಾಗಗಳನ್ನು ತಂದು ಜೋಡಿಸಿ ಮಾರುತ್ತಿದ್ದ. ಗಿರಾಕಿಗಳೆಲ್ಲ ಕೈ ಬಿಗಿ ಹಿಡಿದು ಬದುಕುವವರೇ: ಟೈಪಿಂಗ್ ಕಲಿಸುವ ಮೇಡಂ, ಓದುವ ಮಕ್ಕಳಿದ್ದ ಟೈಲರು, ಔಷಧಿ ಅಂಗಡಿಯವರು. ಅವರಿಗೆಲ್ಲ ಅಣ್ಣ ಮಾರುಕಟ್ಟೆಯಲ್ಲಿ ಸಿಗುವ ಅತಿ ಅಗ್ಗದ ಮದರ್‌ಬೋರ್ಡನ್ನೇ ಹುಡುಕಿ ತರುತ್ತಿದ್ದ. ತಂದು, ಉಳಿದ ಭಾಗಗಳೆಲ್ಲ ಕೂರುವ ಆ ಹಲಗೆಗೆ ರಾಜೋಪಚಾರ ಮಾಡುತ್ತಿದ್ದ. "ದುಬಾರಿ ಬೋರ್ಡು ತನ್ನನ್ನ ತಾನೇ ನೋಡ್ಕೊಳ್ಳುತ್ತೆ. ಅಗ್ಗದ ಬೋರ್ಡಿಗೇ ಮರ್ಯಾದೆ ಜಾಸ್ತಿ ಕೊಡ್ಬೇಕು," ಎನ್ನುವುದು ಅವನ ಮಾತು. ಆ ಮರ್ಯಾದೆಯಲ್ಲಿ ಗಿರಾಕಿಗಳಿಗೆ ಪಾಲು ಇರಲಿಲ್ಲ. ಕಂಪ್ಯೂಟರಿನ ಪೆಟ್ಟಿಗೆಯ ಮೇಲೆ ಒದ್ದೆ ಬಟ್ಟೆ ಒಣಗಲು ಹಾಕಿದ್ದ ಟೈಲರಿಗೆ ಅವನು ಬೈದದ್ದನ್ನು ಎದುರುಮನೆಯವರು ಕಿಟಕಿ ತೆರೆದುಕೊಂಡು ಕೇಳಿದ್ದರು. ಆದರೂ ಜನ ಬರುತ್ತಿದ್ದರು. ಇವನ ಹತ್ತಿರ ಬೈಸಿಕೊಳ್ಳದೆ ಹೋದರೆ ರಿಪೇರಿ ಬಾಳಿಕೆ ಬರುವುದಿಲ್ಲ ಎಂದು ಟೈಲರೇ ಊರೆಲ್ಲ ಹೇಳಿಕೊಂಡು ತಿರುಗಿದ.

ತಂಗಿಯ ಕೆಲಸ ಟಾರ್ಚು ಹಿಡಿಯುವುದು. ಸ್ಕೂಲು ಮುಗಿಸಿ ಬಂದವಳು ಚೀಲ ಎಸೆದು ಮೇಜಿನ ಪಕ್ಕ ನಿಂತರೆ ಕತ್ತಲಾಗುವವರೆಗೂ ಅಲ್ಲೇ. ಬೆಳಕು ಒಂದು ಬೆರಳು ಆಚೀಚೆ ಆದರೂ "ಏಯ್ ಟಾರ್ಚೂ! ನಿದ್ದೆ ಮಾಡ್ತಿದೀಯಾ?" ಎಂದು ಗುಡುಗುತ್ತಿದ್ದ. ಹಾಗಾಗಿ ಟಾರ್ಚು ಎನ್ನುವುದೇ ಅವಳ ಹೆಸರಾಯಿತು. ಸ್ಕ್ರೂಡ್ರೈವರನ್ನು ಮಾತ್ರ ಅವಳ ಕೈಗೆ ಕೊಡುತ್ತಿರಲಿಲ್ಲ. ಆದರೂ ಅವಳ ಬಾಲ್ಯದಲ್ಲಿ ಅದಕ್ಕಿಂತ ಒಳ್ಳೆಯ ಜಾಗ ಇನ್ನೊಂದಿರಲಿಲ್ಲ. ಹೊಸ ಬೋರ್ಡಿನ ಬೂದು ಕವರು ಬಿಚ್ಚಿದಾಗ ಬರುವ ವಾಸನೆ, ಎಲ್ಲ ಮುಗಿದ ಮೇಲೆ ಸ್ವಿಚ್ಚು ಒತ್ತಿ ಇಬ್ಬರೂ ಉಸಿರು ಹಿಡಿದು ಕಾಯುವುದು, ಆಮೇಲೆ ಒಳಗಿನಿಂದ 'ಬೀಪ್' ಎಂದು ಒಂದೇ ಒಂದು ಸದ್ದು. ಒಂದು ಸಲ ಕೂಗಿದರೆ ಮಗು ಆರೋಗ್ಯವಾಗಿದೆ ಎಂದರ್ಥ. ಆ ಸದ್ದು ಕೇಳಿದಾಗ ಮಾತ್ರ ಅಣ್ಣ ಅವಳ ತಲೆಯ ಮೇಲೆ ಕೈಯಿಟ್ಟು ಕೂದಲು ಕೆದರುತ್ತಿದ್ದ.

ಕಾಲ ಸರಿಯಿತು. ಜನ ಮಡಚಿ ಚೀಲಕ್ಕೆ ಹಾಕಿಕೊಳ್ಳುವ ಕಂಪ್ಯೂಟರುಗಳನ್ನು ಕೊಳ್ಳತೊಡಗಿದರು. ಅಣ್ಣ ಬೈಯುತ್ತಲೇ ಅಂಗಡಿ ಮುಚ್ಚಿ ಒಂದು ಗೋದಾಮಿನಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ಸೇರಿದ. ಮೇಜನ್ನು ಮಾತ್ರ ತೆಗೆಯಲು ಬಿಡಲಿಲ್ಲ.

ಅತ್ತಿಗೆಯ ಫೋನು ಬಂದು ಇನ್ನೂ ಒಂದು ವಾರ ಆಗಿರಲಿಲ್ಲ, ತಂಗಿಯ ಅಂಗಡಿಯ ಕಂಪ್ಯೂಟರು ಕಣ್ಣು ಮುಚ್ಚಿತು. ಅದು ಅಣ್ಣ ಕಟ್ಟಿದ ಕೊನೆಯ ಪೆಟ್ಟಿಗೆ. ಪಕ್ಕದ ಬೀದಿಯ ರಿಪೇರಿಯವನು ಮೂಗು ಮುರಿದು, "ಬೋರ್ಡು ಹೋಗಿದೆ ಮೇಡಂ. ಇದನ್ನ ಮ್ಯೂಸಿಯಂಗೆ ಕೊಡಿ, ಪುಣ್ಯ ಬರುತ್ತೆ," ಎಂದ. ಅವಳಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ, ಬದಲಿಗೆ ಒಂದು ಉಪಾಯ ಹೊಳೆಯಿತು. ಹೊಸ ಬೋರ್ಡು ತಂದು ಅಣ್ಣನ ಮೇಜಿನ ಮೇಲಿಡಬೇಕು. ಅವನನ್ನು ಮಂಚದಿಂದ ಎಬ್ಬಿಸಿ ಅದರ ಮುಂದೆ ಕೂರಿಸಬೇಕು. ಪೆಟ್ಟಿಗೆ ನಡೆದರೆ ಸಂತೋಷ, ಆದರೆ ಅವಳಿಗೆ ಬೇಕಾಗಿದ್ದದ್ದು ಪೆಟ್ಟಿಗೆಯಲ್ಲ. ಅಣ್ಣ ಒಂದೇ ಒಂದು ಸಲ ಬಾಯ್ತುಂಬ ಬೈದರೆ ಸಾಕಿತ್ತು.

ಬಿಡಿ ಭಾಗಗಳ ಅಂಗಡಿ ಮೊದಲಿನ ಹಾಗಿರಲಿಲ್ಲ. ಒಳಗೆ ಕಾಲಿಟ್ಟರೆ ಮದುವೆ ಮನೆಯ ಹಾಗೆ ಬಣ್ಣಬಣ್ಣದ ದೀಪ.

"ಎಲ್ಲಕ್ಕಿಂತ ಅಗ್ಗದ ಬೋರ್ಡು ಯಾವುದಪ್ಪಾ?" ಎಂದು ಕೇಳಿದಳು.

"ಸ್ವಲ್ಪ ಮೇಲಿಂದು ತಗೊಳ್ಳಿ ಮೇಡಂ, ಲೈಟು ಬರುತ್ತೆ," ಎಂದ ಅಂಗಡಿಯವನು.

"ಪೆಟ್ಟಿಗೆ ಮುಚ್ಚಿದ ಮೇಲೆ ಒಳಗೆ ಲೈಟು ಯಾರು ನೋಡ್ತಾರೆ? ಇಲಿನಾ?"

ಅವನು ನಕ್ಕು, ಕೆಳಗಿನ ಹಲಗೆಯಿಂದ ಒಂದು ಕಂದು ಡಬ್ಬ ತೆಗೆದ. ಹಳೆಯ ಪೆಟ್ಟಿಗೆಯ ಹೊರಮೈ ಬಿಟ್ಟು ಇನ್ನೇನೂ ಇದಕ್ಕೆ ಹೊಂದುವುದಿಲ್ಲವೆಂದು ಹೇಳಿ ಪ್ರೊಸೆಸರು, ಮೆಮೊರಿ, ಪವರ್ ಸಪ್ಲೈ ಎಲ್ಲವನ್ನೂ ಸೇರಿಸಿ ಒಂದು ಸೆಟ್ಟು ಮಾಡಿದ. ಅವಳು ಡಬ್ಬ ತೆರೆದು, ಬೋರ್ಡನ್ನು ಕವರಿನೊಳಗೇ ಮೂಗಿನ ಹತ್ತಿರ ಹಿಡಿದು ಉದ್ದಕ್ಕೆ ಉಸಿರೆಳೆದುಕೊಂಡಳು. ಅದೇ ವಾಸನೆ. ಸ್ಕೂಲು ಚೀಲ ಎಸೆದು ಓಡಿಬಂದ ಹುಡುಗಿ ಅವಳೊಳಗೆ ಥಟ್ಟನೆ ಎದ್ದು ಕೂತಳು. ಅಂಗಡಿಯವನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ.

"ಇಲ್ಲೇ ಫಿಟ್ ಮಾಡಿ ಕೊಡ್ತೀವಿ ಮೇಡಂ, ದುಡ್ಡೇನೂ ಬೇಡ."

"ಬೇಡ. ನಮ್ಮಣ್ಣ ಮಾಡ್ತಾನೆ."

"ಹಾಗಾದ್ರೆ ಪಿನ್ನು ಜೋಪಾನ. ಬಾಗಿದ್ರೆ ವಾರಂಟಿ ಇಲ್ಲ."

"ಅದನ್ನ ನಮಗೆ ಹೇಳ್ಬೇಕಾ?" ಎಂದಳು ಅವಳು, ಸ್ವಲ್ಪ ಜಂಬದಿಂದಲೇ. ಅವಳ ಕಾಲದಲ್ಲಿ ಪಿನ್ನುಗಳಿರುತ್ತಿದ್ದದ್ದು ಪ್ರೊಸೆಸರಿನ ಹೊಟ್ಟೆಗೆ, ಬಾಚಣಿಗೆಯ ಹಲ್ಲುಗಳ ಹಾಗೆ. ಅದನ್ನು ಕೂರಿಸುವ ಸಾಕೆಟ್ಟಿನಲ್ಲಿ ಬರೀ ತೂತುಗಳು. ಪ್ರೊಸೆಸರನ್ನು ಅಂಚಿನಲ್ಲಿ ಹಿಡಿಯಬೇಕೆನ್ನುವುದು ಟಾರ್ಚು ಹಿಡಿದವಳಿಗೂ ಗೊತ್ತಿದ್ದ ವಿಷಯ.

ಹಳೆಯ ಪೆಟ್ಟಿಗೆ, ಮಾನಿಟರು, ಹೊಸ ಸೆಟ್ಟು ಎಲ್ಲವನ್ನೂ ತಂದು ಅಣ್ಣನ ಮೇಜಿನ ಮೇಲಿಟ್ಟಳು. ಅಣ್ಣನನ್ನು ಎಬ್ಬಿಸುವುದಕ್ಕೆ ಜಗಳವೇನೂ ಆಗಲಿಲ್ಲ, ಅದೇ ಬೇಜಾರಿನ ಸಂಗತಿ. "ನನ್ನ ಪೆಟ್ಟಿಗೆ ಸತ್ತಿದೆ ಕಣೋ, ಸ್ವಲ್ಪ ಬಂದು ಹೇಳಿಕೊಡು," ಎಂದಳು. "ಆಗ್ಲಿ," ಎಂದು ಎದ್ದ, ಒಗೆಯಲು ಮಂಚದ ಚಾದರ ಕೇಳಿದರೆ ಏಳುವ ಹಾಗೆ. ಕೋಲೂರಿಕೊಂಡು ಬಂದು ಮೇಜಿನ ಮುಂದೆ ಕೂತ. ಬಲಗೈಯನ್ನು ಎಡಗೈಯಿಂದ ಎತ್ತಿ ತೊಡೆಯ ಮೇಲೆ ಇಟ್ಟುಕೊಂಡ. ತಂಗಿ ಏನೂ ಹೇಳದೆ ಟಾರ್ಚನ್ನು ಅವನ ಎಡಗೈಗೆ ಕೊಟ್ಟು ಸ್ಕ್ರೂಡ್ರೈವರನ್ನು ತಾನು ತೆಗೆದುಕೊಂಡಳು. ಬದುಕಿನಲ್ಲಿ ಮೊದಲ ಸಲ ಆ ಮೇಜಿನ ಮೇಲೆ ಅದು ಅವಳ ಕೈಗೆ ಬಂದಿತ್ತು. ಅವಳಿಗೆ ಒಂದು ಚೂರೂ ಖುಷಿಯಾಗಲಿಲ್ಲ.

ಹಳೆಯ ಬೋರ್ಡು ಬಿಚ್ಚುವಾಗ ಅವಳು ಬೇಕೆಂದೇ ಒಂದು ಸ್ಕ್ರೂವನ್ನು ಪೆಟ್ಟಿಗೆಯೊಳಗೆ ಬೀಳಿಸಿದಳು. ಆ ಮೇಜಿನ ಕಾನೂನಿನಲ್ಲಿ ಅದಕ್ಕಿಂತ ದೊಡ್ಡ ಅಪರಾಧವಿರಲಿಲ್ಲ. ಒಳಗೆ ಉಳಿದ ಒಂದು ಸ್ಕ್ರೂ ಇಡೀ ಬೋರ್ಡನ್ನು ಸುಡುತ್ತದೆಂದು ಅಣ್ಣ ಎಷ್ಟು ಸಲ ಕೂಗಾಡಿದ್ದನೋ. ಟಣ್ ಎಂದು ಸದ್ದಾಯಿತು. ಅವಳು ಕಿವಿ ನೆಟ್ಟಗೆ ಮಾಡಿಕೊಂಡು ಕಾದಳು.

"ಪರವಾಗಿಲ್ಲ, ನಿಧಾನವಾಗಿ ಹುಡುಕು," ಎಂದ ಅಣ್ಣ.

ಅವಳು ತಲೆ ಬಗ್ಗಿಸಿ ಸ್ಕ್ರೂ ಹುಡುಕಿದಳು, ಕಣ್ಣು ಮಂಜಾಗಿದ್ದರಿಂದ ಸಿಗುವುದು ತಡವಾಯಿತು.

ಹೊಸ ಪ್ರೊಸೆಸರನ್ನು ಡಬ್ಬದಿಂದ ತೆಗೆದು ತಿರುಗಿಸಿದಾಗ ಮಾತ್ರ ಇಬ್ಬರಿಗೂ ಆಶ್ಚರ್ಯವಾಯಿತು. ಹೊಟ್ಟೆ ನುಣ್ಣಗಿತ್ತು. ಚಿನ್ನದ ಬಣ್ಣದ ಚುಕ್ಕಿಗಳಷ್ಟೇ.

"ಪಿನ್ನೇ ಇಲ್ವಲ್ಲೋ!" ಎಂದಳು.

ಅಣ್ಣ ಟಾರ್ಚು ಹತ್ತಿರ ತಂದು ನೋಡಿದ. "ಕಾಲ ಸುಧಾರಿಸಿದೆ," ಎಂದ. "ಒಳ್ಳೇದಾಯ್ತು. ಬಾಗೋ ಭಯ ಇಲ್ಲ." ಅವನ ದನಿಯಲ್ಲಿ ಏನೋ ಒಂದು ಚೂರು ಕುತೂಹಲ ಇಣುಕಿದಂತಿತ್ತು. "ಸಾಕೆಟ್ಟಿನ ಮುಚ್ಚಳ ತೆಗಿ. ಮೊದಲು ಬ್ರಷ್ ಹೊಡಿ. ಡ್ರಾಯರಲ್ಲಿದೆ ನೋಡು."

ಬ್ರಷ್ಷು ಡ್ರಾಯರಿನಲ್ಲೇ ಇತ್ತು, ಕೂದಲು ಸವೆದು ಅರ್ಧವಾದ ಚಪ್ಪಟೆ ಬ್ರಷ್ಷು. ಪ್ರೊಸೆಸರು ಕೂರಿಸುವ ಮೊದಲು ಸಾಕೆಟ್ಟನ್ನು ಗುಡಿಸುವುದು ಈ ಮೇಜಿನ ಪದ್ಧತಿ. ಒಂದು ಧೂಳಿನ ಕಣ ತೂತಿಗೆ ಬಿದ್ದರೂ ಅಗ್ಗದ ಬೋರ್ಡು ಮುನಿಸಿಕೊಳ್ಳುತ್ತದೆ ಎನ್ನುತ್ತಿದ್ದ ಅಣ್ಣ. ಬೋರ್ಡಿನ ಜೊತೆ ಬಂದ ಹಾಳೆಯನ್ನು ಇಬ್ಬರೂ ಬಿಡಿಸಿ ನೋಡಲಿಲ್ಲ, ಆ ಮೇಜಿನ ಮೇಲೆ ಯಾರೂ ಯಾವತ್ತೂ ನೋಡಿದ್ದಿಲ್ಲ. ಟಾರ್ಚಿನ ಬೆಳಕಿನಲ್ಲಿ ಸಾಕೆಟ್ಟು ಎಂದಿನ ತೂತುಗಳ ಹಾಸಿನಂತೆಯೇ ಕಂಡಿತು. ತಂಗಿ ಎಡದಿಂದ ಬಲಕ್ಕೆ, ಅಣ್ಣ ಹೊಡೆಯುತ್ತಿದ್ದ ಹಾಗೆಯೇ ಬಿಗಿಯಾಗಿ ಬ್ರಷ್ ಹೊಡೆದಳು. ಒಂದು ಕಡೆ ಕೂದಲು ಸಿಕ್ಕಿಕೊಂಡ ಹಾಗಾಯಿತು. ಎಳೆದುಬಿಟ್ಟಳು.

ಆಮೇಲೆ ಕೆಲಸ ಸರಾಗವಾಗಿ ಸಾಗಿತು. ಪ್ರೊಸೆಸರು ಕೂತಿತು, ಅದರ ತಲೆಯ ಮೇಲೆ ಫ್ಯಾನು ಕೂತಿತು, ಮೆಮೊರಿ ಕಟಕ್ಕೆಂದು ಸೇರಿಕೊಂಡಿತು. ಅಣ್ಣ ಬೆಳಕು ಹಿಡಿದ. ಕೈ ಅಭ್ಯಾಸವಿಲ್ಲದ್ದು, ಬೆಳಕು ಅಲುಗಾಡುತ್ತಿತ್ತು. ನಿದ್ದೆ ಮಾಡ್ತಿದೀಯಾ ಎಂದು ಕೇಳುವ ಮಾತು ಅವಳ ನಾಲಗೆಯ ತುದಿಗೆ ಬಂದು ಹಿಂದಕ್ಕೆ ಹೋಯಿತು. ಸಣ್ಣ ವೈರುಗಳನ್ನು ಸಿಕ್ಕಿಸುವಾಗ ಅಣ್ಣ ಟಾರ್ಚಿನ ಬೆಳಕಿನಿಂದಲೇ ತೋರಿಸುತ್ತಾ, "ಅದಲ್ಲ, ಪಕ್ಕದ್ದು. ಹಾಂ," ಎನ್ನುತ್ತಿದ್ದ. ಅತ್ತಿಗೆ ಎರಡು ಸಲ ಬಾಗಿಲವರೆಗೆ ಬಂದು, ಏನೂ ಕೇಳದೆ ಒಳಗೆ ಹೋದಳು.

ಎಲ್ಲ ಮುಗಿಯಿತು. ಮಾನಿಟರು ಜೋಡಿಸಿ ಸ್ವಿಚ್ಚು ಒತ್ತಿದಳು. ಫ್ಯಾನು ತಿರುಗಿತು. ಅಣ್ಣ ತಲೆ ಓರೆ ಮಾಡಿ, ಕಣ್ಣು ಮುಚ್ಚಿ ಕಿವಿಗೊಟ್ಟ. ಅದು ಅಣ್ಣನ ಹಳೆಯ ಮುಖ.

"ಬೀಪ್ ಎಲ್ಲಿ?"

"ಈಗಿನ ಬೋರ್ಡುಗಳು ಬೀಪ್ ಅನ್ನಲ್ವಂತೆ."

"ಮತ್ತೆ ಬದುಕಿದೆಯೋ ಇಲ್ವೋ ಅಂತ ಹೇಗೆ ಗೊತ್ತಾಗೋದು?"

ಗೊತ್ತಾಗುವುದಕ್ಕೆ ಬೀಪ್ ಬೇಕಾಗಲಿಲ್ಲ. ಮಾನಿಟರು ಕಪ್ಪಗೇ ಇತ್ತು. ಆರಿಸಿ ಹಚ್ಚಿದರು. ಮೆಮೊರಿ ಕಿತ್ತು ಮತ್ತೆ ಹಾಕಿದರು. ಕಪ್ಪು. ಕೊನೆಗೆ ಫ್ಯಾನು ಬಿಚ್ಚಿ, ಪ್ರೊಸೆಸರು ಎತ್ತಿ, ಅವಳು ಸಾಕೆಟ್ಟಿನ ಮೇಲೆ ಬಗ್ಗಿ ನೋಡಿದಳು. ಅಲ್ಲಿ ತೂತುಗಳೇ ಇರಲಿಲ್ಲ. ಇದ್ದದ್ದು ಪಿನ್ನುಗಳು, ಕೂದಲಿಗಿಂತ ತೆಳ್ಳಗಿನವು, ಸಾಲುಸಾಲಾಗಿ. ಪ್ರೊಸೆಸರಿನ ಹೊಟ್ಟೆಗಿದ್ದ ಪಿನ್ನುಗಳು ಇಷ್ಟು ವರ್ಷದಲ್ಲಿ ಅದು ಕೂರುವ ಹಾಸಿಗೆಗೆ ಇಳಿದಿದ್ದವು! ಅಂಗಡಿಯವನು ಜೋಪಾನ ಎಂದದ್ದು ಇವುಗಳ ವಿಷಯ. ಮತ್ತು ಒಂದು ಮೂಲೆಯಲ್ಲಿ ಒಂದಷ್ಟು ಪಿನ್ನುಗಳು ಗಾಳಿಗೆ ಸಿಕ್ಕ ಪೈರಿನಂತೆ ಮಲಗಿಬಿಟ್ಟಿದ್ದವು.

ಬ್ರಷ್ಷು. ಅವಳಿಗೆ ತಕ್ಷಣ ಅರ್ಥವಾಯಿತು. ಅರ್ಥವಾದ ಕೂಡಲೇ ಹೊಸ ಭಯ ಶುರುವಾಯಿತು. ಕಷ್ಟಪಟ್ಟು ಎಬ್ಬಿಸಿ ಕೂರಿಸಿದ್ದಾಳೆ. ಕೂತವನು ಹೇಳಿಕೊಟ್ಟ ಮೊದಲ ಕೆಲಸದಿಂದಲೇ ಬೋರ್ಡು ಕೆಟ್ಟಿತೆಂದು ತಿಳಿದರೆ ಎದ್ದು ಹೋಗಿ ಮಲಗಿದವನು ಮತ್ತೆ ಈ ಕಡೆ ತಲೆ ಹಾಕುವುದಿಲ್ಲ.

"ಏನಾಯ್ತು?" ಎಂದ ಅಣ್ಣ.

"ನನ್ನ ತಪ್ಪು ಕಣೋ. ಪ್ರೊಸೆಸರು ಇಡುವಾಗ ಕೈ ಜಾರಿತು. ಒಂದೆರಡು ಪಿನ್ನು ಬಾಗಿದೆ. ನೀನು ಹೋಗಿ ಸ್ವಲ್ಪ ಮಲಕ್ಕೋ, ನಾನು ಅಂಗಡಿಯವನ ಹತ್ರ ಮಾತಾಡ್ತೀನಿ."

"ತೋರ್ಸು."

"ನೋಡೋದೇನಿದೆ..."

"ತೋರ್ಸು ಅಂದೆ."

ಅವನು ಟಾರ್ಚು ಕೆಳಗಿಟ್ಟು, ಡ್ರಾಯರಿನಿಂದ ಭೂತಗನ್ನಡಿ ತೆಗೆದು ಸಾಕೆಟ್ಟಿನ ಮೇಲೆ ಹಿಡಿದ. ತುಂಬ ಹೊತ್ತು ನೋಡಿದ. ಅವಳು ಟಾರ್ಚೆತ್ತಿಕೊಂಡು ಬೆಳಕು ಬಿಟ್ಟಳು.

"ಕೈ ಜಾರಿದ್ರೆ ಎಲ್ಲಾ ಒಂದೇ ಕಡೆಗೆ ಬಾಗುತ್ತೇನೇ?" ಎಂದ. ದನಿ ತಗ್ಗಿನಲ್ಲೇ ಇತ್ತು. "ಎಡದಿಂದ ಬಲಕ್ಕೆ?"

ಅವಳು ಬ್ರಷ್ಷನ್ನು ಮೆಲ್ಲಗೆ ಹಾಳೆಯ ಕೆಳಗೆ ಸರಿಸಿದಳು.

"ಬ್ರಷ್ ಹೊಡಿ ಅಂದಿದ್ದು ಯಾರು?"

"ಯಾರಾದ್ರೇನೋ, ಹೊಡೆದವಳು ನಾನು. ಪರವಾಗಿಲ್ಲ ಬಿಡು."

ಭೂತಗನ್ನಡಿ ಮೇಜಿಗೆ ಅಪ್ಪಳಿಸಿತು.

"ಏನು ಪರವಾಗಿಲ್ಲ? ಏನು ಪರವಾಗಿಲ್ಲ ಅಂತೀಯೇ!" ಮುಂದಿನ ಕೋಣೆಯ ಗಾಜುಗಳು ಆ ದನಿಯನ್ನು ಮರೆತೇಬಿಟ್ಟಿದ್ದವು, ಗಡಗಡ ಎಂದವು. "ಹೊಸ ಬೋರ್ಡು ಹಾಳಾಗಿದೆ, ಪರವಾಗಿಲ್ವಾ? ಅಗ್ಗದ್ದು ಅಂತ ತಾತ್ಸಾರನಾ? ಹಾಳು ಮಾಡಿದ್ದು ನಾನು! ಹೊಡಿ ಅಂದೋನು ನಾನು! ಮೂರ್ಖ ನಾನು! ಅದನ್ನೂ ನೀನು ತಲೆ ಮೇಲೆ ಹೊತ್ಕೊಂಡು ನನ್ನನ್ನ ಮಲಗೋಕೆ ಕಳಿಸ್ತೀಯಾ?"

ಒಳಗಿನಿಂದ ಪಾತ್ರೆ ಬಿದ್ದ ಸದ್ದಾಯಿತು. ಅತ್ತಿಗೆ ಓಡಿ ಬಂದು ಬಾಗಿಲಲ್ಲಿ ನಿಂತಳು.

"ಇವಳೂ ಅಷ್ಟೇ!" ಅಣ್ಣ ಅತ್ತ ತಿರುಗಿದ. ಮಾತು ತೊದಲಿತು, ಆದರೂ ನಿಲ್ಲಲಿಲ್ಲ. "ಚಮಚ ಕಿತ್ಕೊಂಡ್ರಿ. ಬಾಚಣಿಗೆ ಕಿತ್ಕೊಂಡ್ರಿ. ಸ್ನಾನದ ಚೊಂಬೂ ಕಿತ್ಕೊಂಡ್ರಿ. ಚೆಲ್ಲಿದ್ರೆ ಪರವಾಗಿಲ್ಲ, ಬಿದ್ರೆ ಪರವಾಗಿಲ್ಲ, ಎಲ್ಲಾ ನಾವು ನೋಡ್ಕೋತೀವಿ. ನೀವು ಹೇಳಿದ್ದನ್ನೇ ನಾನೂ ಹೇಳೋಕೆ ಕಲಿತೆ. ಇನ್ನೇನು ಉಳಿದಿತ್ತು ನಂಗೆ? ಒಂದು ತಪ್ಪು ಮಾಡಿದೀನಿ ಕಣ್ರೇ, ಸ್ವಂತ ತಪ್ಪು. ಅದನ್ನಾದ್ರೂ ನಂದೂಂತ ಬಿಡ್ರೇ!"

ತಂಗಿ ಏಳು ಸಮುದ್ರ ಹಾರಿಯಾದರೂ ಈ ಬೈಗುಳ ತರಬೇಕೆಂದಿದ್ದಳು. ಬಂದಾಗ ಅದು ಕುಣಿದಾಡುವಂಥದ್ದಾಗಿರಲಿಲ್ಲ. ಅಣ್ಣನನ್ನು ಮಂಚಕ್ಕೆ ಕಟ್ಟಿಹಾಕಿದ್ದು ಕಾಯಿಲೆಯೊಂದೇ ಅಲ್ಲ, ತಾವೂ ಸೇರಿ ಎನ್ನುವುದು ಅವಳಿಗೆ ಈಗ ಕಂಡಿತು. ಅವಳು ಅಳುವುದಕ್ಕೆ ಶುರುಮಾಡಿದಳು. ಇಷ್ಟು ದಿನ ತಡೆದದ್ದೆಲ್ಲ ಒಟ್ಟಿಗೇ ಬಂತು.

"ಅಳೋದಾದ್ರೆ ಆ ಕಡೆ ಹೋಗಿ ಅಳು. ಬೋರ್ಡಿನ ಮೇಲೆ ನೀರು ಬೀಳಿಸ್ಬೇಡ," ಎಂದ ಅಣ್ಣ. ಅಳುವಿನ ನಡುವೆಯೇ ಅವಳಿಗೆ ನಗು ಬಂತು. "ನೀನು ಸೂಜಿ ತಗೊಂಡು ಬಾ. ಇರೋದ್ರಲ್ಲೇ ಸಣ್ಣದು," ಎಂದ ಅತ್ತಿಗೆಗೆ.

ಸೂಜಿ ಬಂತು. ಎಡಗೈಯಲ್ಲಿ ಹಿಡಿದು, ಮೊಣಕೈಯನ್ನು ಮೇಜಿಗೆ ಒತ್ತಿಕೊಂಡು ಅವನು ಪಿನ್ನುಗಳನ್ನು ಎತ್ತಲು ಕೂತ. ತಂಗಿ ಒಂದು ಕೈಯಲ್ಲಿ ಭೂತಗನ್ನಡಿ, ಇನ್ನೊಂದರಲ್ಲಿ ಟಾರ್ಚು ಹಿಡಿದಳು. ಸೂಜಿಯ ತುದಿ ಎಲ್ಲೆಲ್ಲೋ ಹೋಗುತ್ತಿತ್ತು. ಕೊಡು ನಾನು ಮಾಡ್ತೀನಿ ಎನ್ನುವ ಮಾತನ್ನು ಅವಳು ತುಟಿ ಕಚ್ಚಿ ನುಂಗಿದಳು. ಕಿಟಕಿಯ ಬಿಸಿಲು ಮೇಜು ದಾಟಿ ಗೋಡೆ ಹತ್ತಿತು. ಊಟ ಆರಿಹೋಯಿತು, ಅತ್ತಿಗೆ ಕರೆಯಲಿಲ್ಲ. ಒಂದು ಪಿನ್ನು ಎದ್ದು ನಿಂತಿತು. ಅಣ್ಣ ಬೆವರು ಒರೆಸಿಕೊಂಡ. ಇನ್ನೊಂದೂ ನಿಂತಿತು. ಮೂರನೆಯದನ್ನು ಎತ್ತುವಾಗ ಕೈ ನಡುಗಿ ಪಿನ್ನು ಮುರಿಯಿತು.

ಬೋರ್ಡಿನ ಕಥೆ ಅಲ್ಲಿಗೆ ಮುಗಿಯಿತೆಂದು ಇಬ್ಬರಿಗೂ ಗೊತ್ತಾಯಿತು. ಅಣ್ಣ ಸೂಜಿಯನ್ನು ಕೆಳಗಿಟ್ಟು ಕುರ್ಚಿಗೆ ಒರಗಿದ. ಅವನು ಏಳುತ್ತಾನೆ, ಒಳಗೆ ಹೋಗುತ್ತಾನೆ, ಗೋಡೆಗೆ ತಿರುಗಿ ಮಲಗುತ್ತಾನೆ ಎಂದು ತಂಗಿ ಎದೆ ಗಟ್ಟಿ ಮಾಡಿಕೊಂಡಳು.

"ಆ ಅಂಗಡಿ ಎಷ್ಟು ದೂರ?" ಎಂದ.

"ದೊಡ್ಡ ರಸ್ತೆ ದಾಟಿದ್ರೆ ಸಿಗುತ್ತೆ."

"ಪಿನ್ನು ಕೆಳಕ್ಕೆ ಬಂದಿದೆ ಅಂತ ಬಿಡಿಸಿ ಹೇಳೋಕೆ ಅವನಿಗೇನು ದಾಡಿಯಂತೆ? ನಾಳೆ ಇನ್ನೊಂದು ತರ್ಬೇಕು. ಅಗ್ಗದ್ದೇ ಸಾಕು. ದುಡ್ಡು ನಂದು." ಸ್ವಲ್ಪ ತಡೆದು, ಅವಳ ಕಡೆ ನೋಡದೆ ಹೇಳಿದ: "ನಾನೂ ಬರ್ತೀನಿ."

ಮಾರನೆಯ ದಿನ ತಂಗಿ ಬರುವ ಹೊತ್ತಿಗೆ ಅಣ್ಣ ಹೊರಗೆ ಹೋಗುವ ಅಂಗಿ ತೊಟ್ಟು ಕನ್ನಡಿಯ ಮುಂದೆ ನಿಂತಿದ್ದ. ಎಡಗೈ ಒಂದರಿಂದಲೇ ಗುಂಡಿ ಹಾಕಿಕೊಳ್ಳುತ್ತಿದ್ದ. ಅತ್ತಿಗೆ ಕೋಣೆಯ ಬಾಗಿಲಿಗೆ ಒರಗಿ, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನೋಡುತ್ತಿದ್ದಳು. ಅಂತೂ ಕೊನೆಯ ಗುಂಡಿಯೂ ಹಾಕಿದ್ದಾಯಿತು. ಮೇಲಿನಿಂದ ಎರಡನೆಯದು ತಪ್ಪು ಕಾಜಕ್ಕೆ ಹೋಗಿ, ಅಲ್ಲಿಂದ ಕೆಳಗಿನದೆಲ್ಲ ಒಂದೊಂದು ಮನೆ ಸರಿದು, ಅಂಗಿಯ ಒಂದು ಅಂಚು ಇನ್ನೊಂದಕ್ಕಿಂತ ಕೆಳಗೆ ಜೋತು ಬಿದ್ದಿತ್ತು.

ಅಣ್ಣ ಕೋಲು ತೆಗೆದುಕೊಂಡು ತಿರುಗಿದ. "ಏನು ನೋಡ್ತಿದೀರಾ ಇಬ್ಬರೂ?"

"ಏನಿಲ್ಲ ರೀ," ಎಂದಳು ಅತ್ತಿಗೆ. "ಹೋಗಿ ಬನ್ನಿ."

ಅವನು ಹೊಸ್ತಿಲು ದಾಟಿ ಮೆಟ್ಟಿಲಿಳಿದು ಬೀದಿಗೆ ಬಂದ. ಎದುರುಮನೆಯ ಕಿಟಕಿ ತೆರೆಯಿತು. ತಂಗಿ ಒಂದು ಹೆಜ್ಜೆ ಹಿಂದೆ ಉಳಿದು, ಅಂಗಿಯ ಆ ಉದ್ದದ ಅಂಚನ್ನು ನೋಡುತ್ತಾ ಅಂಗಡಿಯವರೆಗೂ ನಡೆದಳು.